ಚೌಕಾಸಿಗೆ ಬಗ್ಗದ ಹೊಗೆ

ನಾನು ಒಂದು ಯುದ್ಧವನ್ನು ಅರ್ಧ ಬೆಲೆಗೆ ಕೊಂಡವನು. ಬೇಕಾಗಿತ್ತೆಂದು ಕೊಂಡದ್ದಲ್ಲ, ಅರ್ಧಕ್ಕೆ ಸಿಕ್ಕಿತೆಂದು ಕೊಂಡದ್ದು. ಬೇಕಾದ ವಸ್ತುವಿನ ಬೆಲೆ ಕೇಳುವಾಗ ಮನುಷ್ಯನ ದನಿಯಲ್ಲಿ ಒಂದು ಅಳುಕು ಇರುತ್ತದೆ. ಅಂಗಡಿಯವನು ಅದನ್ನು ಮೂಸಿಯೇ ಹಿಡಿಯುತ್ತಾನೆ. ಬೇಡವಾದ ವಸ್ತುವಿಗೆ ಚೌಕಾಸಿ ಮಾಡುವಾಗ ಮಾತ್ರ ನೀವು ಅರಸರು, ಅವನು ಪ್ರಜೆ. ಆದ್ದರಿಂದ ನೀವು ಕೇಳದಿದ್ದರೂ ಒಂದು ಸಲಹೆ ಕೊಡುತ್ತೇನೆ. ಸಂತೆಗೆ ಹೋದಾಗ ಮೊದಲು ಬೇಡವಾದದ್ದರ ಬೆಲೆ ಕೇಳಿ ಗಂಟಲು ಪಳಗಿಸಿಕೊಳ್ಳಿ, ಆಮೇಲೆ ಬೇಕಾದದ್ದರ ಕಡೆ ತಿರುಗಿ. ಆದರೆ ಪಳಗಿಸಿಕೊಳ್ಳಲು ಕೇಳಿದ್ದನ್ನು ಕೊಂಡುಬಿಡಬೇಡಿ. ನಾನು ಕೊಂಡುಬಿಟ್ಟೆ.

ಕಲಘಟಗಿಯಲ್ಲಿ ನನ್ನದೊಂದು ಗಾದಿ ಅಂಗಡಿ ಇದೆ. ಬೇರೆಯವರ ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ಮಡಚುವ ಕೆಲಸದಿಂದ ಶುರುಮಾಡಿ, ಯಾರ ಹಂಗೂ ಇಲ್ಲದೆ ಇಷ್ಟರ ಮಟ್ಟಿಗೆ ಬಂದವನು ನಾನು. ಈ ಮಾತನ್ನು ನಾನು ದಿನಕ್ಕೆ ಎರಡು ಸಲವಾದರೂ ಹೇಳುತ್ತೇನೆಂದು ನನ್ನ ಹೆಂಡತಿ ಗಿರಿಜಾ ಹೇಳುತ್ತಾಳೆ. ಅವಳು ದಿನಕ್ಕೆ ನಾಲ್ಕು ಸಲ ಹೇಳುತ್ತಾಳೆ ನಾನು ಹೇಳುತ್ತೇನೆಂದು. ಇರಲಿ. ಗಾದಿಯ ಪಟ್ಟಿ ಬಟ್ಟೆ ತರಲು ಹುಬ್ಬಳ್ಳಿಗೆ ಹೋದಾಗ, ಬಾಗಿಲು ಮುಚ್ಚಲು ಹೊರಟಿದ್ದ ಒಂದು ಆಟಿಕೆ ಅಂಗಡಿ ಕಣ್ಣಿಗೆ ಬಿತ್ತು. ಒಳಗೆ ಧೂಳು ಹಿಡಿದ ಒಂದು ದೊಡ್ಡ ಪೆಟ್ಟಿಗೆ. ಅದರಲ್ಲಿ ಬಿಡಿ ಭಾಗಗಳಾಗಿದ್ದ ಆರು ಪ್ಲಾಸ್ಟಿಕ್ ಟ್ಯಾಂಕುಗಳು. ಮನೆಗೆ ಒಯ್ದು ಅಂಟು ಹಚ್ಚಿ ಜೋಡಿಸಿಕೊಳ್ಳಬೇಕು. ಸುಮ್ಮನೆ ಗಂಟಲು ಪಳಗಿಸಲು ಬೆಲೆ ಕೇಳಿದೆ. ಅವನು ಹೇಳಿದ. ನಾನು ನಕ್ಕು ಮೂರು ಮೆಟ್ಟಿಲು ಇಳಿದೆ. ಮೂರನೆಯ ಮೆಟ್ಟಿಲಲ್ಲಿ ಅವನು ಕರೆಯದಿದ್ದರೆ ನನ್ನ ಬಾಳು ಗಾದಿಯ ಮೇಲೆಯೇ ಸುಖವಾಗಿ ಕಳೆದುಹೋಗುತ್ತಿತ್ತು. "ಅರ್ಧಕ್ಕ ಒಯ್ರಿ" ಎಂದು ಕರೆದುಬಿಟ್ಟ.

ಬಸ್ಸಿನಲ್ಲಿ ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಬಂದೆ. ಮನೆಯ ಪಡಸಾಲೆಯಲ್ಲಿ ಇಳಿಸಿದಾಗ ಗಿರಿಜಾ ಅದನ್ನು ಒಂದು ಸುತ್ತು ಹಾಕಿ ನೋಡಿದಳು.

"ಗಾದಿ ಮಾರೂ ಮನಷ್ಯಾಗ ಟ್ಯಾಂಕ್ ಯಾಕ ಬೇಕ್ರೀ? ಯಾರ ಮ್ಯಾಲ ದಂಡೆತ್ತಿ ಹೊಂಟೀರಿ?"

"ಅರ್ಧಕ್ಕ ಕೊಟ್ಟ."

"ಅರ್ಧಕ್ಕ ಕೊಟ್ರ ನಾಳೆ ಆನಿನೂ ಹೊಡಕೊಂಡು ಬರ್ತೀರಿ. ಕಟ್ಟಾಕ ನಮ್ಮ ಹಿತ್ತಲಾ ಸಾಕಾಗಂಗಿಲ್ಲ, ಮೊದಲ ಹೇಳಿರ್ತೇನಿ."

ಕೊಂಡದ್ದನ್ನು ಸುಮ್ಮನೆ ಇಡುವುದು ನನ್ನ ಜಾಯಮಾನವಲ್ಲ. ಮಧ್ಯಾಹ್ನ ಉಂಡ ಮೇಲೆ ಯಾರೂ ಗಾದಿ ಕೊಳ್ಳಲು ಬರುವುದಿಲ್ಲ. ಬಂದರೂ ಕೊಳ್ಳುವುದಿಲ್ಲ, ಮಲಗಿ ನೋಡುತ್ತಾರೆ. ಆ ಹೊತ್ತಿನಲ್ಲಿ ಗಲ್ಲಾದ ಹಲಗೆಯ ಮೇಲೆ ಟ್ಯಾಂಕು ಜೋಡಿಸಲು ಕೂತೆ. ಮೊದಲನೆಯದಕ್ಕೆ ನಾಲ್ಕು ದಿನ ಹಿಡಿಯಿತು. ಎರಡು ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಅರ್ಧ ದಿನ ನಾನು ಗಿರಾಕಿಗಳಿಗೆ ಆಶೀರ್ವಾದ ಮಾಡುವವನಂತೆ ಕೈ ಎತ್ತಿಕೊಂಡೇ ಮಾತಾಡಬೇಕಾಯಿತು. ಆದರೆ ಜೋಡಿಸಿ, ಬಣ್ಣ ಬಳಿದು, ಅಂಗಡಿಯ ಕಿಟಕಿಯಲ್ಲಿ ಎರಡು ತಲೆದಿಂಬುಗಳ ನಡುವೆ ಇಟ್ಟಾಗ ಹೋಗುವವರೆಲ್ಲ ನಿಂತು ನೋಡತೊಡಗಿದರು. ಇಂಥ ಸಣ್ಣ ಮಾದರಿಗಳನ್ನು ಹಲಗೆಯ ಮೇಲೆ ಮಣ್ಣು, ಗಿಡ, ಮನುಷ್ಯರ ಸಮೇತ ಇಟ್ಟು ಒಂದು ದೃಶ್ಯ ಕಟ್ಟುವುದಕ್ಕೆ ಡಯೋರಮಾ ಎನ್ನುತ್ತಾರೆಂದು ಮೊಬೈಲಿನಲ್ಲಿ ನೋಡಿ ಕಲಿತೆ. ಕಲಿತ ಮರುದಿನದಿಂದಲೇ ಅದರ ಬಗ್ಗೆ ಜನರಿಗೆ ಸಲಹೆ ಕೊಡಲು ಶುರುಮಾಡಿದೆ. ಗಿರಾಕಿಗಳು ಗಾದಿಯ ದಪ್ಪ ಕೇಳಿದರೆ ನಾನು ಟ್ಯಾಂಕಿನ ಉಕ್ಕಿನ ದಪ್ಪ ಹೇಳುತ್ತಿದ್ದೆ.

ಹೀಗಿರುವಾಗ ಒಂದು ದಿನ ಪಕ್ಕದ ಹಳ್ಳಿ ತಂಬೂರಿನ ಹವಾಲ್ದಾರ ಯಲ್ಲಪ್ಪ ಕಾಕಾ ಹಳೆಯ ತಲೆದಿಂಬೊಂದನ್ನು ಬಗಲಲ್ಲಿ ಇಟ್ಟುಕೊಂಡು ಬಂದರು. ಎಪ್ಪತ್ತೈದು ದಾಟಿದ್ದರೂ ಬೆನ್ನು ಬಾಗದ ಮನುಷ್ಯ. ಕುರಿ ಸಾಕುವ ಮನೆತನದಿಂದ ಸೈನ್ಯಕ್ಕೆ ಹೋಗಿ, ಪೆನ್ಶನ್ ತೆಗೆದುಕೊಂಡು ಬಂದು, ಈಗ ಊರಲ್ಲಿ ಕಬ್ಬು, ಭತ್ತ ನೋಡಿಕೊಂಡಿದ್ದಾರೆ. ನೋಡಿಕೊಳ್ಳುವವರು ನಿಜವಾಗಿ ಅವರ ಹೆಂಡತಿ ನಿಂಗವ್ವ ಕಾಕು. ಇವರು ಅವರನ್ನು ನೋಡಿಕೊಂಡಿದ್ದಾರೆ ಅಷ್ಟೆ. ದಿಂಬನ್ನು ಗಲ್ಲಾದ ಮೇಲೆ ಹಾಕಿ, ಅದಕ್ಕೆ ಹೊಸ ಹತ್ತಿ ತುಂಬಲು ಹೇಳಬೇಕೆಂದಿದ್ದವರು ಕಿಟಕಿಯ ಕಡೆ ನೋಡಿ ಮಾತು ಮರೆತರು.

"ಇದನ್ನ ಯಾರು ಮಾಡಿದ್ರು?"

"ನಾನ ಕಾಕಾ."

"ಗಾಲಿ ಮ್ಯಾಲಿನ ಪಟ್ಟಿ ಉಲ್ಟಾ ಹಾಕಿಯಲ್ಲೋ. ಹಿಂಗ ಹಾಕಿದ್ರ ಹತ್ತ ಮಾರು ಹೋಗಂಗಿಲ್ಲ, ಬಿಚ್ಚಿ ಬೀಳತೈತಿ." ಕನ್ನಡಕ ತೆಗೆದು, ಬಗ್ಗಿ, ಟ್ಯಾಂಕಿನ ಮುಂಭಾಗದ ಒಂದು ಸಣ್ಣ ಮುಚ್ಚಳದ ಮೇಲೆ ಬೆರಳಿಟ್ಟರು. "ಇಲ್ಲೆ ನಾ ಕೂಡತಿದ್ದೆ. ಡ್ರೈವರ."

ಆ ದಿನ ಅವರು ಎರಡು ತಾಸು ಕೂತರು. ಮಾತಾಡಿದ್ದು ಹತ್ತು ಮಾತು. ಅದರಲ್ಲಿ ಆರು ಟ್ಯಾಂಕಿನ ಪಟ್ಟಿಯ ಬಗ್ಗೆ. ಉಳಿದ ನಾಲ್ಕನ್ನು ನಾನು ಚೌಕಾಸಿ ಮಾಡಿ ಮಾಡಿ ಹೊರಗೆ ತೆಗೆದೆ. ಹಿಂದೆ ಯುದ್ಧದಲ್ಲಿ, ಮರಳುಗಾಡಿನಲ್ಲಿ, ಅವರ ಮುಂದಿನ ಟ್ಯಾಂಕಿಗೆ ಗುಂಡು ಬಿದ್ದು ಅದು ಹೊತ್ತಿಕೊಂಡಿತ್ತು. ಅದರ ಹೊಗೆಯ ಮರೆಯಲ್ಲಿ ಇವರ ಟ್ಯಾಂಕು ಉಳಿದುಕೊಂಡಿತು. ಅಷ್ಟೆ. ಆದರೆ ಅಂದಿನಿಂದ ಎಲ್ಲಿ ದಟ್ಟ ಹೊಗೆ ಕಂಡರೂ ಅವರಿಗೆ ಅಲ್ಲಿ ನಿಲ್ಲಲಾಗುವುದಿಲ್ಲ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಯನ್ನು, ಅಂದರೆ ರವದಿಯನ್ನು, ಸುಡುವ ದಿನ ಬಂತೆಂದರೆ ಕಾಕಾ ಚಾ ಕುಡಿದು ಬರುತ್ತೇನೆಂದು ಮೆಲ್ಲಗೆ ಕಲಘಟಗಿಯ ಬಸ್ ಸ್ಟ್ಯಾಂಡಿಗೆ ಬಂದುಬಿಡುತ್ತಾರೆ. ಹೊಗೆ ಆರುವತನಕ ತಿರುಗಿ ಹೋಗುವುದಿಲ್ಲ.

"ನಿಮ್ಮ ಕಾಕು ನನಗ ಕೆಲಸಗಳ್ಳ ಅಂತಾಳ. ಪ್ರತಿ ವರ್ಷಾ ಅಂತಾಳ. ಆಳುಗಳ ಮುಂದೂ ಅಂತಾಳ."

"ಹೇಳಿಬಿಡ್ರಲ್ಲ ಕಾಕಾ, ಹಿಂಗಿಂಗ ಅಂತ."

"ಬಾಯಾಗ ಬರಂಗಿಲ್ಲೋ. ಏನಾಗಿತ್ತು ಅಂತ ಕೇಳ್ತಾಳ, ಏನಿಲ್ಲ ಬರೇ ಹೊಗಿ ಇತ್ತು ಅಂತೀನಿ. ಹೊಗಿಗೆ ಹೆದರಿದ್ರ ಒಲಿ ಮುಂದ ನಾ ಹೆಂಗ ಕುಂದ್ರಬೇಕು ಅಂತಾಳ. ಅದೂ ಖರೇನ." ಕಿಟಕಿಯ ಟ್ಯಾಂಕಿನ ಕಡೆ ಕೈ ತೋರಿಸಿ ಹೇಳಿದರು: "ನೀ ಇದನ್ನ ಮಾಡಿಕೊಡು. ಎರಡು ಗಾಡಿ. ಮುಂದಿಂದು ಸುಡಾಕತ್ತಿರಬೇಕು. ಹಿಂದಿಂದು ಹೊಗಿ ಮರಿಗೆ. ಅದರ ಮ್ಯಾಲ ಒಬ್ಬ ಮನಷ್ಯಾ ಇರ್ಲಿ, ಅಂವಾ ನಾ. ಹೇಳಾಕ ಬರದಿದ್ರ ತೋರ್ಸಾಕರ ಬರತೈತಿ. ಆದರ ಹೊಗಿ ಖರೇ ಇರಬೇಕು ನೋಡು. ಸುಳ್ಳು ಹೊಗಿ ಕಂಡ್ರ ಆಕಿ ನಗ್ತಾಳ. ಒಮ್ಮೆ ನಕ್ಳಂದ್ರ ಮುಗೀತು, ಮತ್ತ ಈ ಮಾತು ತಗ್ಯಾಕ ಬರಂಗಿಲ್ಲ."

ನಾನು ಎದೆ ತಟ್ಟಿಕೊಂಡು ಒಪ್ಪಿಕೊಂಡೆ. ಹೊಗೆ ಎಂದರೇನು, ಹತ್ತಿ. ಹತ್ತಿ ಎಂದರೆ ನಾನು. ಮೂವತ್ತು ವರ್ಷ ಹತ್ತಿಯಲ್ಲಿ ಉಸಿರಾಡಿದವನಿಗೆ ಒಂದು ಗೇಣು ಹೊಗೆ ಮಾಡುವುದು ಯಾವ ಮಹಾ ಕೆಲಸ? ಒಳ್ಳೆಯ ಹತ್ತಿಯನ್ನು ಎರಡು ಸಲ ಹಿಂಜಿಸಿ, ಒಂದೇ ಒಂದು ಗಂಟಿಲ್ಲದಂತೆ ಹದಮಾಡಿ, ಟ್ಯಾಂಕಿನ ಮೇಲೆ ಗುಮ್ಮಟದಂತೆ ಕೂರಿಸಿದೆ. ಮದುವೆಯ ಗಾದಿಗೆ ಹಾಕುವ ಮಾಲು ಅದು. ಕಾಕಾ ಬಂದು ಬಹಳ ಹೊತ್ತು ನೋಡಿದರು.

"ಬಸಣ್ಣ, ಟ್ಯಾಂಕಿನ ಮ್ಯಾಲ ಕುರಿ ಯಾಕ ಕುಂತೈತಿ?"

ಕುರಿ ಸಾಕಿದ ಮನೆತನದವರು ಹೇಳಿದ ಮೇಲೆ ಅಪೀಲು ಇಲ್ಲ. ಕಪ್ಪು ಬಣ್ಣ ಹೊಡೆದರೆ ಸರಿಹೋದೀತೆಂದು ಡಬ್ಬಿ ತಂದು ಸಿಂಪಡಿಸಿದೆ. ಹತ್ತಿಯ ಗುಣ ನನಗೆ ಗೊತ್ತಿಲ್ಲದ್ದೇನಲ್ಲ, ಆದರೆ ಗೊತ್ತಿರುವುದು ಹೊತ್ತಿಗೆ ನೆನಪಾಗುವುದಿಲ್ಲ. ಒದ್ದೆಯಾದ ಹತ್ತಿ ಮುದುಡಿತು. ಮಳೆಯಲ್ಲಿ ತೊಯ್ದ ಬೆಕ್ಕೊಂದು ಟ್ಯಾಂಕನ್ನು ತಬ್ಬಿಕೊಂಡು ಮಲಗಿದಂತೆ ಆಯಿತು. ಅದನ್ನು ಕಿತ್ತು ಒಣಹಾಕಲು ಹಿತ್ತಲಿನ ತಂತಿಗೆ ಸಿಕ್ಕಿಸಿದೆ. ನೆರೆಮನೆಯ ನಾಯಿ ಆ ದಿನವೆಲ್ಲ ನಮ್ಮ ಹಿತ್ತಲಿನ ಕಡೆ ಮುಖಮಾಡಿ ಬೊಗಳಿತು.

ಹೊಗೆ ಸಾಗದಿದ್ದರೆ ಬೆಂಕಿಯನ್ನಾದರೂ ಮುಗಿಸೋಣವೆಂದು, ತೊಟ್ಟಿಲಿಗೆ ಬಣ್ಣ ಬರೆಯುವ ನನ್ನ ಗೆಳೆಯರೊಬ್ಬರ ಬಳಿ ಹೋದೆ. ನಮ್ಮ ಊರಿನ ತೊಟ್ಟಿಲ ಬಣ್ಣ ಎಂದರೆ ಮಗು ಅಜ್ಜನಾಗುವವರೆಗೂ ಮಾಸದು. ಅವರು ಅತಿ ಶ್ರದ್ಧೆಯಿಂದ, ತೆಳು ತಗಡಿನ ಮೇಲೆ, ಕೆಂಪು ಹಳದಿ ಜ್ವಾಲೆಗಳನ್ನು ಬರೆದುಕೊಟ್ಟರು. ಒಂದೊಂದು ಜ್ವಾಲೆಯೂ ಒಂದೇ ಅಳತೆ, ಒಂದೇ ಬಳುಕು, ತುದಿಯಲ್ಲಿ ಒಂದೊಂದು ಬಿಳಿಯ ಚುಕ್ಕಿ. ಕತ್ತರಿಸಿ ಟ್ಯಾಂಕಿನ ಸುತ್ತ ನಿಲ್ಲಿಸಿದೆ. ಗಿರಿಜಾ ನೋಡಿದವಳೇ ಕೈ ಮುಗಿದಳು.

"ಯಾಕ ಬೇ?"

"ಮತ್ತೇನ್ ಮಾಡ್ಲಿ? ಟ್ಯಾಂಕಿಗೆ ಆರತಿ ಎತ್ತಿದಂಗೈತಿ. ಒಂದು ಕಾಯಿ ಒಡದಬಿಡ್ರಿ."

ಕಾಕಾ ಅದನ್ನೂ ನೋಡಿದರು. ಬಯ್ಯಲಿಲ್ಲ. ಬೈದಿದ್ದರೆ ಸರಿಯಿತ್ತು, ಬೈಯುವ ಗಿರಾಕಿಯನ್ನು ಒಲಿಸಿಕೊಳ್ಳುವುದು ಸುಲಭ. ಸುಮ್ಮನೆ ತಲೆ ಆಡಿಸಿ, "ಹಿಂಗ ಇರಂಗಿಲ್ಲ" ಎಂದರು. ನಾನು ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ತೆಗೆದೆ.

"ಕಾಕಾ, ಅಗದಿ ಹಂಗ ಬರಬೇಕಂದ್ರ ಹೆಂಗ? ಒಂದೀಟು ನೀವು ಇಳೀರಿ, ಒಂದೀಟು ನಾ ಏರ್ತೇನಿ. ಕಪ್ಪು ಸ್ವಲ್ಪ ಕಡಿಮಿ ಇದ್ರ ನಡಿಯಂಗಿಲ್ಲೇನ್ರಿ? ದೂರಿಂದ ನೋಡಿದ್ರ ಗೊತ್ತಾಗಂಗಿಲ್ಲ."

"ಹೊಗಿ ಚೌಕಾಸಿ ಕೇಳಂಗಿಲ್ಲೋ ತಮ್ಮಾ" ಎಂದು ಹೊರಟುಹೋದರು.

ಮೂವತ್ತು ವರ್ಷದ ವ್ಯಾಪಾರದಲ್ಲಿ ನನ್ನನ್ನು ಮೆಟ್ಟಿಲಿಳಿದು ಬಿಟ್ಟುಹೋಗಿ, ಕರೆದರೂ ತಿರುಗಿ ನೋಡದ ಮೊದಲ ಗಿರಾಕಿ ಅವರು. ಆ ದಿನ ನನಗೆ ಊಟ ಸೇರಲಿಲ್ಲ ಎಂದು ಬರೆಯಬೇಕೆಂದಿದ್ದೆ, ಆದರೆ ಗಿರಿಜಾ ಇದನ್ನು ಓದುತ್ತಾಳೆ. ಸೇರಿತು, ಆದರೆ ರುಚಿಸಲಿಲ್ಲ. ನೋಡಿ, ಒಬ್ಬ ಮನುಷ್ಯ ಇಡೀ ಬಾಳು ಹೇಳಲಾಗದ ಒಂದು ಮಾತನ್ನು ಕೊನೆಗೆ ಒಬ್ಬ ಗಾದಿ ಅಂಗಡಿಯವನ ಕೈಗೆ ಕೊಟ್ಟು ಹೇಳಿಸು ಎಂದಿದ್ದಾನೆ. ನಾನು ಅದರ ಮೇಲೆ ಕುರಿ ಕೂರಿಸಿದೆ.

ಮರುದಿನದಿಂದ ಹೊಗೆಯನ್ನು ಕಲಿಯಲು ಹೊರಟೆ. ನಿಮಗೆ ನಗು ಬರಬಹುದು. ಹುಟ್ಟಿದಂದಿನಿಂದ ಕಂಡ ಹೊಗೆಯನ್ನು ಕಲಿಯುವುದೇನು? ಆದರೆ ಒಮ್ಮೆ ಕಣ್ಣು ಮುಚ್ಚಿ, ಹೊಗೆ ಯಾವ ಆಕಾರದಲ್ಲಿರುತ್ತದೆ ಎಂದು ನೆನಪಿಸಿಕೊಳ್ಳಿ ನೋಡೋಣ. ನಿಮ್ಮ ತಲೆಯಲ್ಲೂ ಕುರಿಯೇ ಬರುತ್ತದೆ. ಊರ ಹೊರಗಿನ ಬೆಲ್ಲದ ಗಾಣದ ಮುಂದೆ ಒಂದು ತಾಸು ನಿಂತು ಅದರ ಚಿಮಣಿಯನ್ನೇ ದಿಟ್ಟಿಸಿದೆ, ಒಂದು ಚೀಟಿಯಲ್ಲಿ ಬರೆದುಕೊಂಡೆ. ಗಾಣದ ಮಾಲೀಕ ನಾನು ಯಾವುದೋ ಸರಕಾರಿ ಆಫೀಸಿನಿಂದ ಹೊಗೆ ತಪಾಸಣೆಗೆ ಬಂದವನೆಂದು ತಿಳಿದು ಕುರ್ಚಿ ಹಾಕಿಸಿ, ಕಬ್ಬಿನ ಹಾಲು ಕುಡಿಸಿ, ಹೋಗುವಾಗ ಒಂದು ಪೆಂಟಿ ಬೆಲ್ಲವನ್ನೂ ಕೈಯಲ್ಲಿಟ್ಟ. ನಾನು ಅವನ ತಿಳುವಳಿಕೆಯನ್ನು ತಿದ್ದಲಿಲ್ಲ. ಜನರ ತಪ್ಪು ತಿದ್ದುವುದು ನನಗೆ ಇಷ್ಟದ ಕೆಲಸವೇ, ಆದರೆ ಬೆಲ್ಲ ಒಳ್ಳೆಯದಿತ್ತು.

ನಾನು ಕಲಿತದ್ದು ಇಷ್ಟು, ಯಾರಿಗಾದರೂ ಬೇಕಾದೀತು. ಹೊಗೆ ನೆಟ್ಟಗೆ ಮೇಲೆ ಹೋಗುವುದಿಲ್ಲ, ಹೊರಳುತ್ತಾ ಹೋಗುತ್ತದೆ. ಅದರ ಅಂಚು ಮೋಡದ ಹಾಗೆ ನುಣ್ಣಗಿರುವುದಿಲ್ಲ, ಹೂಕೋಸಿನ ಹಾಗೆ ಗಂಟುಗಂಟಾಗಿರುತ್ತದೆ. ಅಂದರೆ ಯಾವ ಗಂಟನ್ನು ಬಿಡಿಸಿ ಬಿಡಿಸಿ ನಾನು ಈ ಊರಲ್ಲಿ ಹೆಸರು ಮಾಡಿದೆನೋ, ಹೊಗೆಗೆ ಅದೇ ಗಂಟು ಬೇಕು. ಎಣ್ಣೆ ಉರಿದ ಹೊಗೆ ಬುಡದಲ್ಲಿ ಕಾಡಿಗೆಯಂತೆ ಕಪ್ಪು, ಮೇಲೆ ಹೋದಂತೆ ಬೂದಿ ಬಣ್ಣ, ತುದಿಯಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ತೆಳು. ಗಾಳಿ ಒಂದು ಕಡೆಗಿದ್ದರೆ ಎಲ್ಲ ಹೊಗೆಯೂ ಅದೇ ಕಡೆಗೆ ಬಾಗಬೇಕು. ನನ್ನ ಮೊದಲ ಪ್ರಯತ್ನದಲ್ಲಿ ಹೊಗೆ ಬಡಗಣಕ್ಕೂ ಟ್ಯಾಂಕಿನ ಬಾವುಟ ತೆಂಕಣಕ್ಕೂ ಹಾರಾಡುತ್ತಿತ್ತು. ಇನ್ನು ಬೆಂಕಿ. ಬೆಂಕಿಯನ್ನು ಬರೆಯಬಾರದು. ಒಳಗೆ ಬೆಳಕು ಇಟ್ಟು ಸುಮ್ಮನಿದ್ದರೆ, ಹೊಗೆಯೇ ಅದನ್ನು ಬೆಂಕಿ ಮಾಡಿಕೊಳ್ಳುತ್ತದೆ.

ಹತ್ತಿಯನ್ನು ಬಿಟ್ಟುಕೊಡಲು ಮಾತ್ರ ನನಗೆ ಬಹಳ ಸಂಕಟವಾಯಿತು. ಅಗ್ಗದ ತಲೆದಿಂಬುಗಳಿಗೆ ತುಂಬುವ ಪಾಲಿಸ್ಟರ್ ನಾರು ಇದೆಯಲ್ಲ, ಅದನ್ನು ನಾನು ಮಾರುತ್ತೇನೆ, ಆದರೆ ಅದರ ಬಗ್ಗೆ ಒಳ್ಳೆಯ ಮಾತಾಡಿದವನಲ್ಲ. ಅದೇ ನಾರು ಇಲ್ಲಿ ನನ್ನ ಮಾನ ಉಳಿಸಿತು. ಬಣ್ಣ ಬಿದ್ದರೂ ಮುದುಡುವುದಿಲ್ಲ, ಎಳೆದಷ್ಟೂ ತೆಳುವಾಗುತ್ತದೆ, ತಂತಿಗೆ ಸುತ್ತಿದರೆ ಬಾಗಿದ ಕಡೆ ಬಾಗಿ ನಿಲ್ಲುತ್ತದೆ. ಕಟ್ಟಡದವರು ಕಂಬಿ ಕಟ್ಟುವ ಸಣ್ಣ ತಂತಿಯನ್ನು ಬೆನ್ನೆಲುಬಾಗಿ ನಿಲ್ಲಿಸಿ ಅದಕ್ಕೆ ನಾರು ಸುತ್ತಿದೆ. ಅದು ಉದುರದಂತೆ ಹಿಡಿಯಲು ಕೂದಲಿಗೆ ಹೊಡೆಯುವ ಸ್ಪ್ರೇ ಬೇಕಿತ್ತು. ಬ್ಯೂಟಿ ಪಾರ್ಲರಿನ ಹೆಣ್ಣುಮಗಳು ನನ್ನ ಬೋಳು ತಲೆಯನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿ, ಬಹಳ ಮರ್ಯಾದೆಯಿಂದ, "ಯಾರಿಗ್ರಿ ಅಣ್ಣಾರ?" ಎಂದು ಕೇಳಿದಳು. "ಟ್ಯಾಂಕಿಗೆ" ಎಂದೆ. ಡಬ್ಬಿ ತೆಗೆದು ಕೊಟ್ಟಳು. ಟ್ಯಾಂಕಿನ ಒಳಗೆ ದೀಪಾವಳಿಗೆ ತಂದಿದ್ದ ಬ್ಯಾಟರಿ ಹಣತೆಗಳನ್ನು ಇಟ್ಟೆ. ಅವು ತಾವಾಗಿಯೇ ಮಿಣುಕುತ್ತವೆ. ಮರಳುಗಾಡಿಗೆ ಬೇಕಾದ ನುಣುಪು ಮರಳನ್ನು ಗಿರಿಜಾಳ ರವೆಯ ಸಾಣಿಗಿಯಲ್ಲಿ ಸೋಸಿದೆ. ಆ ವಾರದ ಉಪ್ಪಿಟ್ಟಿನಲ್ಲಿ ಮರುಭೂಮಿ ಸಿಕ್ಕಿತೆಂದು ಅವಳು ಇವತ್ತಿಗೂ ಹೇಳುತ್ತಾಳೆ.

ಕಾಕಾಗೆ ಹೇಳಿಕಳಿಸಿದೆ. ನಡುಮಧ್ಯಾಹ್ನ ಬಂದರು. ಅಂಗಡಿಯ ಶಟರನ್ನು ಅರ್ಧ ಇಳಿಸಿ ಸ್ವಲ್ಪ ಮಬ್ಬು ಮಾಡಿ, ಹಣತೆಗಳ ಗುಂಡಿ ಒತ್ತಿದೆ. ಮುಂದಿನ ಟ್ಯಾಂಕಿನ ಹೊಟ್ಟೆಯಲ್ಲಿ ಕೆಂಪು ಮಿಣುಕಿತು. ಅದರ ಬಾಯಿಂದ ಎದ್ದ ಕರಿ ಹೊಗೆ ಹೊರಳುತ್ತಾ ಹಿಂದಿನ ಟ್ಯಾಂಕಿನ ಮೇಲೆ ಬಾಗಿ ಅದನ್ನು ನುಂಗಿತ್ತು. ನಾನು ಕಾಕಾನ ಮುಖ ನೋಡುತ್ತಾ ನಿಂತೆ. ಅವರು ಒಂದು ಕ್ಷಣ ನೋಡಿದರು, ಎರಡು ಕ್ಷಣ ನೋಡಿದರು.

"ಬಸಣ್ಣ, ನಾ ಒಂದೀಟು ಚಾ ಕುಡದು ಬರ್ತೇನಿ" ಎಂದವರೇ, ಬಗ್ಗಿ ಶಟರಿನ ಕೆಳಗಿಂದ ಹೊರಗೆ ಹೋಗಿಬಿಟ್ಟರು.

ಮೊದಲು ನನಗೆ ಸಿಟ್ಟು ಬಂತು. ಇಷ್ಟು ಕಷ್ಟಪಟ್ಟು ಮಾಡಿದರೆ ಒಂದು ಮಾತಿಲ್ಲ, ಚಾ ಅಂತೆ! ಆಮೇಲೆ ಮೆಲ್ಲಗೆ ತಲೆಗೆ ಹೋಯಿತು. ಹತ್ತಿಯನ್ನು ನೋಡಿ ಅವರು ಕುರಿ ಎಂದಿದ್ದರು, ಆರತಿಯನ್ನು ನೋಡಿ ತಲೆಯಾಡಿಸಿದ್ದರು, ಇದನ್ನು ನೋಡಿ ಓಡಿದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವುದಿದೆ? ಅಂಗಡಿಯಲ್ಲಿ ನಾನೊಬ್ಬನೇ, ಎರಡು ಗಾದಿಗಳ ನಡುವೆ, ಕೈ ಕಟ್ಟಿಕೊಂಡು ಬಹಳ ಹೊತ್ತು ನಿಂತಿದ್ದೆ.

ಸಂತೆಯ ದಿನ ಕಾಕಾ ನಿಂಗವ್ವ ಕಾಕುವನ್ನು ಕರೆದುಕೊಂಡು ಬಂದರು. ಹತ್ತಿ ತುಂಬಲು ಕೊಟ್ಟ ದಿಂಬನ್ನು ನೋಡಿ ಒಯ್ಯುವುದಿದೆ ಎಂದು ಹೇಳಿ ಕರೆತಂದಿದ್ದರಂತೆ. ಕಾಕು ಒಳಗೆ ಬರುತ್ತಲೇ ದಿಂಬಿನ ಹೊಲಿಗೆ ಎಳೆದು ನೋಡಿ, ಹತ್ತಿ ಒತ್ತಿ ನೋಡಿ, ನನ್ನನ್ನೂ ಒಮ್ಮೆ ನೋಡಿದರು. ಕಾಕಾ ಬಾಗಿಲ ಹತ್ತಿರವೇ ಬೀದಿಯ ಕಡೆ ಮುಖಮಾಡಿ ನಿಂತರು. ನಾನು ಗುಂಡಿ ಒತ್ತಿದೆ.

"ಏನ ಬಸಣ್ಣ ಇದು?"

"ಕಾಕಾ ಮಿಲ್ಟ್ರಿಯಾಗಿದ್ದಾಗಿಂದ್ರಿ ಕಾಕು. ಮುಂದಿನ ಗಾಡಿ ಹೊತ್ಕೊಂಡಿತ್ತಂತ. ಹೊಗಿ ಹಿಂದ ಇರೂದು ಕಾಕಾನ ಗಾಡಿ."

ಕಾಕು ನಗಲಿಲ್ಲ. ಅದೊಂದನ್ನೇ ನಾನು ಕಾಯುತ್ತಿದ್ದೆ, ನಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿರ ಬಂದು, ಬಗ್ಗಿ, ಹೊಗೆಯನ್ನು ಬುಡದಿಂದ ತುದಿಯವರೆಗೆ ನೋಡಿದರು. ರವದಿ ಸುಟ್ಟು ಪಳಗಿದ ಕಣ್ಣು. "ಗಾಳಿ ಈ ಕಡಿಂದ ಬೀಸೈತಿ" ಎಂದು ತಮಗೇ ಹೇಳಿಕೊಂಡರು. ನನ್ನ ಎದೆ ಹಿಗ್ಗಿತು. ಆಮೇಲೆ ಕೇಳಿದರು: "ಇದರಾಗ ಇವರೆಲ್ಲಿ ಅದಾರ?"

"ಹೊಗಿ ಹಿಂದ್ರಿ, ಆ ಗಾಡಿ ಮ್ಯಾಲ."

"ಕಾಣವಲ್ಲರು."

ನಾನು ಬಾಯಿ ತೆರೆಯುವುದರೊಳಗೆ ಕಾಕು ಎರಡು ಬೆರಳಿಂದ ನನ್ನ ಹೊಗೆಯನ್ನು, ಮುಸುಕು ಸರಿಸಿದಂತೆ, ಸರಿಸಿದರು. ಹಿಂದಿನ ಟ್ಯಾಂಕು ಕಂಡಿತು. ಅದರ ಮೇಲೆ ಯಾರೂ ಇರಲಿಲ್ಲ.

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ನಮ್ಮ ಗಾದಿ ದಂಧೆಯಲ್ಲಿ ಒಂದು ಪದ್ಧತಿ ಇದೆ. ಒಳ್ಳೆಯ ಹತ್ತಿಯನ್ನು ಮೇಲೂ ಅಂಚಿಗೂ ಹಾಕಿ, ನಡುವೆ ಹಳೆಯದನ್ನು ತುಂಬುತ್ತಾರೆ. ನಡುವನ್ನು ಬಿಚ್ಚಿ ನೋಡುವ ಗಿರಾಕಿ ಇನ್ನೂ ಹುಟ್ಟಿಲ್ಲ. ಟ್ಯಾಂಕಿನ ಮೇಲೆ ಕೂರಿಸಬೇಕಾದ ಸಣ್ಣ ಮನುಷ್ಯನ ಪೊಟ್ಟಣ ಪೆಟ್ಟಿಗೆಯಲ್ಲಿಯೇ ಇತ್ತು. ಬೆರಳುಗುರಿನಷ್ಟು ಮನುಷ್ಯ, ಕಣ್ಣು ಮೂಗು ಬರೆಯಲು ಇಡೀ ದಿನ ಬೇಕು. ಹೇಗಿದ್ದರೂ ಹೊಗೆಯ ಹಿಂದೆ ಕಾಣುವುದಿಲ್ಲವಲ್ಲ, ಕಾಣದ್ದಕ್ಕೆ ಯಾಕೆ ಖರ್ಚು ಎಂದು ಬಿಟ್ಟುಬಿಟ್ಟಿದ್ದೆ. ಕಾಕಾನಿಗೂ ಹೇಳಿರಲಿಲ್ಲ.

ಕಾಕು ಖಾಲಿ ಟ್ಯಾಂಕನ್ನು ನೋಡಿದರು. ಬಾಗಿಲಲ್ಲಿ ಬೆನ್ನು ಮಾಡಿ ನಿಂತ ಗಂಡನನ್ನು ನೋಡಿದರು.

"ಇಲ್ಲಿ ಯಾರೂ ಇಲ್ಲಲ್ರಿ! ಎಲ್ಲಿ ಹೋಗಿದ್ರಿ? ಅಲ್ಲೂ ಚಾ ಕುಡ್ಯಾಕ ಹೋಗಿದ್ರೇನು?"

ಭೂಮಿ ಬಾಯಿಬಿಟ್ಟರೆ ಒಂದು ಗಾದಿ ಸಮೇತ ಇಳಿದುಹೋಗುತ್ತಿದ್ದೆ. ಇಷ್ಟು ವರ್ಷ ಕಾದು ಆ ಮನುಷ್ಯ ತೋರಿಸಲು ಬಂದದ್ದನ್ನು ನಾನು ಒಂದು ದಿನದ ಕೆಲಸ ಉಳಿಸಲು ಹೋಗಿ ಹಾಳುಮಾಡಿದೆನಲ್ಲ ಎಂದು ಗಲ್ಲಾದ ಹಿಂದಕ್ಕೆ ಸರಿದೆ. ಕಾಕಾ ತಿರುಗಿದರು. ಹೊಗೆಯ ಕಡೆ ನೋಡದೆ, ನೆಲ ನೋಡುತ್ತಾ ಒಳಗೆ ಬಂದರು. ಹಲಗೆಯ ಮುಂದೆ ನಿಂತು, ಕೈ ಚಾಚಿ, ಮುಂದಿನ ಟ್ಯಾಂಕಿನ ಬುಡದಲ್ಲಿ, ಕೆಂಪು ಮಿಣುಕುತ್ತಿದ್ದ ಕಡೆಗೆ ಬೆರಳಿಟ್ಟರು.

"ಇಲ್ಲಿದ್ದೆ."

ಕಾಕು ಆ ಬೆರಳಿನ ಕಡೆ ಬಗ್ಗಿದರು.

"ನಮ್ಮ ಗಾಡಿ ಬಿಟ್ಟು ಇಳದಿದ್ದೆ. ಇದರಾಗ ಇಬ್ಬರು ಸಿಕ್ಕೊಂಡಿದ್ರು. ಒಬ್ಬಾಂವನ್ನ ಎಳದು ತಗದೆ."

"ಇನ್ನೊಬ್ಬಾಂವ?" ಕಾಕುವಿನ ದನಿ ಸಣ್ಣದಾಗಿತ್ತು.

"ಹೊಗಿ ಭಾಳಿತ್ತು."

ನನಗೆ ಹೇಳುವಾಗ ಅವರು ತಮ್ಮನ್ನು ಹಿಂದಿನ ಟ್ಯಾಂಕಿನ ಮೇಲೆ ಸುರಕ್ಷಿತವಾಗಿ ಕೂರಿಸಲು ಹೇಳಿದ್ದರು. ತೋರಿಸುವಾಗಲೂ ಅರ್ಧವನ್ನೇ ತೋರಿಸುವ ಎಣಿಕೆ. ಅಲ್ಲಿ ನಾನು ಆ ಮನುಷ್ಯನನ್ನು ಕೂರಿಸಿದ್ದಿದ್ದರೆ ಕಾಕು ನೋಡಿ ಹೂಂ ಎನ್ನುತ್ತಿದ್ದರು, ದಿಂಬು ತೆಗೆದುಕೊಂಡು ಹೋಗುತ್ತಿದ್ದರು. ಇದನ್ನು ನಾನು ನನ್ನ ಜಾಣತನವೆಂದು ಆಮೇಲೆ ಕೆಲವರ ಮುಂದೆ ಹೇಳಿದ್ದೂ ಉಂಟು, ಗಿರಿಜಾ ಇಲ್ಲದಾಗ.

ಕಾಕು ಸರಿಸಿದ್ದ ಹೊಗೆಯನ್ನು ಎರಡೂ ಕೈಯಿಂದ ಹಿಡಿದು, ಮಲಗಿದವರ ಚಾದರ ಸರಿಮಾಡಿದಂತೆ, ಮತ್ತೆ ಅದರ ಜಾಗಕ್ಕೆ ತಂದರು. ಆಮೇಲೆ ನನಗೆ, "ಕುರ್ಚಿ ತಾ. ಇವರು ಕುಂದ್ರತಾರ" ಎಂದರು. ಕಾಕಾ ಕೂತರು. ಸ್ವಲ್ಪ ಹೊತ್ತಿಗೆ ಕಾಕುವಿಗೆ ತಮ್ಮ ದನಿ ಮರಳಿ ಸಿಕ್ಕಿತು.

"ಇಷ್ಟು ವರ್ಷ ನಾ ಬಾಯಿಗೆ ಬಂದಂಗ ಬೈತಿದ್ದೆ. ಬೈಸ್ಕೊಂಡು ಸುಮ್ಮನಿದ್ರಲ್ಲ, ನಿಮಗ ಬುದ್ಧಿ ಎಲ್ಲೈತಿ? ಒಂದ ಮಾತು ಹೇಳಿದ್ರ ನಾ ಏನ್ ಹೊಲಾ ಬಿಟ್ಟು ಓಡಿ ಹೋಗ್ತಿದ್ನೇನು?"

"ಈಗ ಹೇಳಿದ್ನಲ್ಲ."

"ಈಗ ಹೇಳ್ಯಾರ! ಹಲ್ಲ ಬಿದ್ದ ಮ್ಯಾಲ ಕಬ್ಬು ತಿನ್ನಾಕ ಕೊಟ್ಟಂಗ!"

ಕಾಕಾ ನಕ್ಕರು. ಹೊಗೆ ಅವರ ಮೊಣಕಾಲಿಗೆ ಒಂದು ಮೊಳ ದೂರದಲ್ಲಿತ್ತು. ನಗುತ್ತಾ ಕೂತೇ ಇದ್ದರು, ಚಾ ಅಂಗಡಿಯಿಂದ ಚಾ ಇಲ್ಲಿಗೇ ಬಂತು. ನಾನು ಬಿಟ್ಟ ಮನುಷ್ಯನ ಬಗ್ಗೆ ತಪ್ಪೊಪ್ಪಿಕೊಂಡು, ನಾಳೆಯೇ ಕೂರಿಸಿಕೊಡುತ್ತೇನೆಂದೆ. ಕಾಕು ಹಲಗೆಯನ್ನು ಹಾಗೆಯೇ ಒಯ್ಯುತ್ತೇನೆಂದರು. "ಎಲ್ಲಿದ್ರು ಅಂತ ನನಗ ಈಗ ಗೊತ್ತೈತಿ. ನಿನ್ನ ಗೊಂಬಿ ಬ್ಯಾಡ." ಆಮೇಲೆ ದಿಂಬನ್ನೂ ಬಗಲಲ್ಲಿ ಇಟ್ಟುಕೊಂಡು, ಒಳಗೆ ನಡುವೆ ಏನು ತುಂಬಿದ್ದೀಯಾ ಎಂಬಂತೆ ನನ್ನನ್ನು ನೋಡಿ, ಇನ್ನೊಮ್ಮೆ ಒತ್ತಿ ಹೊರಟರು.

ಕತೆ ಇಲ್ಲಿಗೆ ಮುಗಿಯಿತೆಂದು ನಾನೂ ತಿಳಿದಿದ್ದೆ. ಕಬ್ಬು ಕಡಿದು ಮುಗಿದ ಒಂದು ದಿನ ಕಾಕುವಿನ ಫೋನು ಬಂತು.

"ಬಸಣ್ಣ, ನಾಳೆ ಮುಂಜಾನೆ ಬಾ. ರವದಿ ಸುಡೂದೈತಿ."

"ಸುಡಬಾರದ್ರಿ ಕಾಕು. ಹೊಲದಾಗ ಕೊಳಿಸಿದ್ರ ಗೊಬ್ಬರ ಆಗತೈತಿ, ನೀರು ಹಿಡಕೊಳ್ಳತೈತಿ—"

"ಅರ್ಧ ಹಂಗ ಕೊಳ್ಯಾಕ ಬಿಟ್ಟೇನಿ. ಉಳದ ಅರ್ಧದಾಗ ಇಲಿ ಆಗ್ಯಾವ. ಇವರನ್ನ ನಾನ ಬಸ್ಸಿಗೆ ಹತ್ತಿಸಿ ಚಾ ಕುಡ್ಯಾಕ ಕಳಸ್ತೇನಿ. ಇವರ ಜಾಗಾದಾಗ ಒಬ್ಬರು ಬೇಕು."

ಮಧ್ಯಾಹ್ನ ಬರುತ್ತೇನೆಂದೆ. ಮುಂಜಾನೆ ಎಂದರು. ಅಂಗಡಿಯ ಆಳನ್ನು ಕಳಿಸುತ್ತೇನೆಂದೆ. "ಆಳಿಗೆ ಹೊಗಿ ತಿಳಿಯಂಗಿಲ್ಲ, ನೀ ಕಲತಾಂವ" ಎಂದರು. ಹಾಗಾದರೆ ನೋಡೋಣ ಎಂದು ಮೆಟ್ಟಿಲಿಳಿಯುವ ದನಿ ತೆಗೆದೆ. ಅವರು ಫೋನು ಇಟ್ಟುಬಿಟ್ಟರು.

ಹೀಗಾಗಿ ತಂಬೂರಿನ ಆ ಹೊಲದ ದಂಡೆಯಲ್ಲಿ, ಕೈಯಲ್ಲಿ ಹಸಿ ಟೊಂಗೆ ಹಿಡಿದು, ಪಕ್ಕದಲ್ಲಿ ನೀರಿನ ಕೊಡ ಇಟ್ಟುಕೊಂಡು, ಬೆಂಕಿ ಬದು ದಾಟದಂತೆ ಕಾಯುತ್ತಾ ನಿಂತೆ. ಹೊಗೆ ಹೊರಳುತ್ತಾ ಬಂತು. ಬುಡದಲ್ಲಿ ದಟ್ಟ, ತುದಿಯಲ್ಲಿ ತೆಳು, ಅಂಚು ಹೂಕೋಸು, ಎಲ್ಲವೂ ನಾನು ಬರೆದುಕೊಂಡಂತೆಯೇ ಇತ್ತು. ಅದು ಕಣ್ಣಿಗೆ ಹೋಗುತ್ತದೆಂಬುದನ್ನು ಮಾತ್ರ ಬರೆದುಕೊಂಡಿರಲಿಲ್ಲ. ಕಣ್ಣೀರು ಸುರಿಯುತ್ತಿರುವಾಗ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಬಸ್ ಸ್ಟ್ಯಾಂಡಿನಿಂದ ಕಾಕಾ.

"ಬಸಣ್ಣ, ಗಾಳಿ ಯಾವ ಕಡಿ ಐತಿ?"

"ನನ್ನ ಕಡಿ ಐತ್ರಿ ಕಾಕಾ."

"ಹಂಗಂದ್ರ ಬಡಗಣ ದಂಡಿ ನೋಡ್ಕೋ. ಅಲ್ಲಿ ಹೊಳ್ಳತೈತಿ ಅದು." ಚಾ ಸೊರ್ರೆಂದು ಎಳೆದುಕೊಂಡ ಸದ್ದು ಸ್ಪಷ್ಟವಾಗಿ ಕೇಳಿಸಿತು. ದನಿಯಲ್ಲಿ ಎಷ್ಟೋ ವರ್ಷದಿಂದ ಇಲ್ಲದ ಒಂದು ಹಗುರು.

"ಏ ಬಸಣ್ಣ!" ಆ ಕಡೆಯ ಬದುವಿನಿಂದ ಕಾಕು ಕೂಗಿದರು. "ಕಣ್ಣ ಮುಚ್ಚಿ ನಿಂತ್ರ ಬೆಂಕಿ ನಿಮ್ಮಪ್ಪ ನೋಡತಾನೇನು?"

ತಕ್ಕ ಉತ್ತರ ಕೊಡಲೆಂದು ಬಾಯಿ ತೆರೆದೆ. ಹೊಗೆ ನೇರವಾಗಿ ಒಳಗೆ ಹೋಯಿತು. ನನ್ನ ಕೆಮ್ಮು ನಿಲ್ಲುವುದರೊಳಗೆ ಕಾಕು ಬಾಜೂ ಹೊಲದವರನ್ನು ಕರೆದು ಮಾತು ಮುಗಿಸಿಬಿಟ್ಟಿದ್ದರು.

"ನಾಳೆ ನಿಮ್ಮದಕ್ಕೂ ಬರ್ತಾನ ತಗೋರಿ. ಹೊಗಿ ಕೆಲಸ ಅಂದ್ರ ಅಂವಗ ಜೀವ."